ಉಣ್ಣೆಯ ಟೋಪಿ

ಕತ್ತಿ ಒರೆಸಿಕೊಳ್ಳುವಾಗಷ್ಟೇ ಕಸಿಮಿರೊನಿಗೆ ನೆನಪಾಯಿತು, ಕೊಯ್ಯುವ ಮೊದಲು ಲಾಮಾದ ಕಣ್ಣಿಗೆ ಅವನು ಬಟ್ಟೆ ಕಟ್ಟಿರಲಿಲ್ಲ. ಅಗಿಯಲೆಂದು ಬಾಯಿಗೆ ಕೋಕಾ ಎಲೆ ಇಟ್ಟಿರಲಿಲ್ಲ, ತಪ್ಪಾಯ್ತು ಎಂದು ಅದರ ಕಿವಿಯಲ್ಲಿ ಹೇಳಿಯೂ ಇರಲಿಲ್ಲ. ಹನ್ನೊಂದು ವರ್ಷ ಅವನ ಉಪ್ಪಿನ ಮೂಟೆ ಹೊತ್ತು ಬೆಟ್ಟ ಇಳಿದ, ಉದ್ದ ಕತ್ತಿನ ಉಣ್ಣೆಮೈಯ ಪ್ರಾಣಿ ಅದು. ಮಾಂಸ ಒಯ್ಯಲು ಬಂದ ಲಾರಿಯವನು ಬೇಲಿಯಾಚೆ ಹಾರ್ನ್ ಒತ್ತುತ್ತಲೇ ಇದ್ದ. ಇದೊಂದು ಸಲ ನಡೆಯುತ್ತೆ ಬಿಡು ಎಂದು ಕಸಿಮಿರೊ ತನಗೆ ತಾನೇ ಹೇಳಿಕೊಂಡ.

ಅಷ್ಟರಲ್ಲಿ ನಾಲ್ಕು ವರ್ಷದ ಮೊಮ್ಮಗಳು ನಿಲ್ದಾ ಅಲ್ಲಿಗೆ ಬಂದಳು. ಮೊನ್ನೆಯಷ್ಟೇ ಪೇಟೆಯಿಂದ ಬಂದವಳು, ಲಾಮಾ ಕೊಯ್ಯುವುದನ್ನು ಹಿಂದೆಂದೂ ಕಂಡವಳಲ್ಲ. ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು, ಬಗ್ಗಿ, ತೆರೆದೇ ಇದ್ದ ಆ ಕಣ್ಣಿನ ಮೇಲೆ ಮುಚ್ಚಿದಳು.

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

"ಯಾರೂ ಇಲ್ಲ."

"ಈಗ ಅದಕ್ಕೇನೂ ಕಾಣ್ಸಲ್ಲ ಪುಟ್ಟಿ. ಟೋಪಿ ಹಾಕ್ಕೋ, ಚಳಿ."

"ಅದು ನಿನ್ನನ್ನೇ ನೋಡ್ತಿದೆ ತಾತ. ನಿಂಗೆ ಬೇಜಾರಾಗಲ್ವಾ?"

ಕೊಯ್ಯುವ ಪ್ರಾಣಿಯ ಕಣ್ಣು ಕಟ್ಟಬೇಕು, ಇದು ಹಿರಿಯರು ಹಾಕಿಕೊಟ್ಟ ಕಟ್ಟಳೆ, ಅವರು ಕಲಿಸದಿದ್ದರೆ ನಮಗೂ ನರಿಗೂ ಏನು ವ್ಯತ್ಯಾಸ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದವನು ಕಸಿಮಿರೊ. ಆ ಹಿರಿಯರಿಗೆ ಕಲಿಸಿದವರು ಯಾರೆಂದು ಒಮ್ಮೆಯೂ ಕೇಳಿಕೊಂಡವನಲ್ಲ. ಹಾರ್ನ್ ಮತ್ತೆ ಕೂಗಿತು. ಅವನು ಮಂಡಿಯೂರಿ, ಸೊಂಟದ ಚೀಲದಿಂದ ಮೂರು ಕೋಕಾ ಎಲೆ ತೆಗೆದು ಲಾಮಾದ ತುಟಿಯ ನಡುವೆ ಇಟ್ಟ. ದವಡೆ ಅಲುಗೀತೇನೋ ಎಂದು ಕಾದ. ಎಲೆಗಳು ಇಟ್ಟಲ್ಲೇ ಇದ್ದವು.