ಟವೆಲ್ಲಿನಡಿಯ ಬೆಲೆ

ಬೈಕ್ ನಿಲ್ಲಿಸುತ್ತಲೇ ಭಾಗಣ್ಣನಿಗೆ ಇಲ್ಲಿಗೆ ಬರಬಾರದಿತ್ತು ಅನ್ನಿಸಿತು. ಕಾಲುವೆಯಾಚೆ ಒಂದೇ ಒಂದು ಹೊಲದ ಮನೆ. ಸುತ್ತ ನರಪಿಳ್ಳೆಯಿಲ್ಲ. ಬನಿಯನ್ನಿನ ಒಳಜೇಬಿನಲ್ಲಿ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ.

ಮೊಬೈಲಿನ ದನದ ಹರಾಜಿನಲ್ಲಿ ಆ ಜೋಡೆತ್ತಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ಕೂಗಿ ಗೆದ್ದವನು ಅವನೇ. ಮಾರುವವನು ನಾರಾಯಣಪುರದ ಕಡೆಯ ಅಮಾತೆಪ್ಪ. ಕೊಂಡವರು ನಲವತ್ತು ಜನ ಅವನ ಹೆಸರಿಗೆ ಐದೈದು ಸ್ಟಾರ್ ಕೊಟ್ಟಿದ್ದರು. "ಬಾ ತಮ್ಮಾ, ರೊಟ್ಟಿ ಉಂಡು ಎತ್ತು ಹೊಡಕೊಂಡು ಹೋಗೀಯಂತ" ಎಂದು ಮೊನ್ನೆ ಫೋನಿನಲ್ಲಿ ನಕ್ಕಿದ್ದ. ಆ ಒಂದು ಮಾತಿಗೇ ಭಾಗಣ್ಣ ನಂಬಿದ್ದ. ಇವತ್ತು ಬೆಳಿಗ್ಗೆ ಬಂದದ್ದು ಬರೀ ಮೆಸೇಜು: 'ನಗದು ತಾ. ಒಬ್ಬನೇ ಬಾ.'

ಕಟ್ಟೆಯ ಮೇಲೆ, ಹರಾಜಿನ ಫೋಟೋದಲ್ಲಿ ಕಂಡಿದ್ದ ಅದೇ ಮುದುಕ ಅಮಾತೆಪ್ಪ ಕುಳಿತಿದ್ದ. ತೊಡೆಯ ಮೇಲೆ ಟವೆಲ್ಲು. ಎರಡೂ ಕೈ ಅದರಡಿ. ಬೆನ್ನ ಹಿಂದೆ ಇಬ್ಬರು ಗಟ್ಟಿ ಆಳುಗಳು.

"ಶರಣ್ರಿ," ಎಂದು ಭಾಗಣ್ಣ ಕೈಮುಗಿದ. ಮುದುಕ ತಲೆಯಷ್ಟೇ ಆಡಿಸಿದ. ಕೈ ಹೊರಗೆ ಬರಲಿಲ್ಲ. ಅಲ್ಲೇನು ಹಿಡಿದಿದ್ದಾನೆ? ಚೂರಿಯೇ?

"ಎತ್ತು ಕೊಳ್ಳೋ ಮಾರಿ ಏನು ಇದು! ಹೋಗು, ಮನಿಗೆ ಹೋಗು," ಎಂದು ಮುದುಕ ಗದರಿದ.

"ಏ ಕಾಕಾ, ಚ್ಯಾಷ್ಟಿ ಸಾಕು. ವ್ಯಾಪಾರ ಮುಗಸು," ಎಂದ ಹಿಂದಿನವನೊಬ್ಬ.

ಭಾಗಣ್ಣ ಗೂಟದ ಎತ್ತುಗಳ ಕಡೆ ತಿರುಗಿದ. "ಹಲ್ಲು ತೋರಸ್ರಿ, ವಯಸ್ಸು ನೋಡ್ತೀನಿ." ಮಾರುವವನೇ ಎದ್ದು ಎತ್ತಿನ ಬಾಯಿ ಬಿಡಿಸಿ ತೋರಿಸುವುದು ರೂಢಿ. ಅಮಾತೆಪ್ಪ ಕುಳಿತಲ್ಲಿಂದ ಏಳಲಿಲ್ಲ.

"ಹಲ್ಲು ಆಮ್ಯಾಲ. ಮೊದ್ಲ ರೇಟ."

"ಅದು ಹರಾಜಿನಾಗ ಮುಗದೈತೆಲ್ರಿ!"

"ಅದು ಮೊಬೈಲಿನ ರೇಟ. ನಂದು ಕೈ ರೇಟ. ಟವೆಲ್ಲಿನಾಗ ಕೈ ಹಾಕು."

ಹಿಂದಿನವರು ಹಲ್ಲು ಕಿಸಿದರು. ದನದ ಸಂತೆಯ ಹಳೆಯ ಪದ್ಧತಿ ಅದು; ಬಟ್ಟೆಯಡಿ ಬೆರಳು ಹಿಡಿದು, ಮೂರನೆಯವರಿಗೆ ತಿಳಿಯದಂತೆ ಬೆಲೆ ಹೇಳುವುದು. ಗೆದ್ದ ಹರಾಜಿಗೆ ಮತ್ತೆ ಬೆಲೆ ಏರಿಸುವ ಮೋಸ! ಆದರೆ ಒಲ್ಲೆ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಒಬ್ಬ ಆಗಲೇ ಬೈಕಿನ ಕಡೆ ಸರಿದಿದ್ದ. ಭಾಗಣ್ಣ ಕಣ್ಣು ಮುಚ್ಚಿ ಟವೆಲ್ಲಿನಡಿ ಕೈ ತೂರಿಸಿದ.

ಮೈ ಜಲ್ಲೆಂದಿತು. ಮೆಲ್ಲಗೆ ಕೈ ತೆಗೆದ.

"ಒಪ್ಪಿಗಿ ಆತ್ರಿ," ಅಂದ. "ರೊಕ್ಕ ಹೆಣ್ತಿ ಕಡೆ ಐತ್ರಿ. ಬಸ್ ಸ್ಟ್ಯಾಂಡಿನಾಗ ಕುಂತಾಳ. ಕರಕೊಂಡು ಬರ್ತೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಲಗೂ ಬಾ."

ಹೆಂಡತಿ ಉಮಾ ಇದ್ದದ್ದು ದೂರದ ರಂಗಂಪೇಟೆಯ ಮನೆಯಲ್ಲಿ. ಭಾಗಣ್ಣ ಬೈಕ್ ನಿಲ್ಲಿಸಿದ್ದು ಪೊಲೀಸ್ ಠಾಣೆಯ ಮುಂದೆ.

ಹವಾಲ್ದಾರ ರೇವಣಸಿದ್ದ ಮೊದಲು ನೀರು ಕೊಟ್ಟ. ಹೊಲದ ಮನೆ, ಇಬ್ಬರು ಆಳುಗಳು, ಕೈ ರೇಟು ಎಂದು ಭಾಗಣ್ಣ ತೊದಲಿದ್ದನ್ನು ಕೇಳಿ, ಜೀಪಿಗೆ ಕೂಗು ಹಾಕಿ, ಗೋಡೆಯ ಮೊಳೆಯಿಂದ ಬೇಡಿ ತೆಗೆದುಕೊಂಡ.

"ಆ ಮುದುಕನೇ ಈ ಗ್ಯಾಂಗಿನ ಹಿರೀಕ, ತಿಳೀತು. ಮೊದ್ಲ ಅವನ ಕೈಗೆ ಹಾಕ್ತೀನಿ ಇದನ್ನ."

"ಬ್ಯಾಡ್ರಿ ಸಾಹೇಬ್ರ," ಭಾಗಣ್ಣ ಅತ್ತೇಬಿಟ್ಟ. "ಟವೆಲ್ಲಿನಡಿ ಅವನ ಎರಡೂ ಕೈ ಆ ಇಬ್ರು ಹಗ್ಗದಲೆ ಬಿಗದಾರ್ರಿ. ಬೆರಳು ರೇಟ ಹೇಳ್ಲಿಲ್ರಿ, ಹೋಗು ಹೋಗು ಅಂತ ನನ್ನ ಕೈ ಹಿಂದಕ ನೂಕಿದ್ವು."