ಮಂಗಳವಾರದ ಉಪವಾಸ

ಹುಡುಗನ ಕಿವಿಗೆ ಇಲ್ಲದವರ ದನಿಗಳು ಕೇಳಿಸತೊಡಗಿದಾಗ ಅವನ ಸೋದರತ್ತೆ ಕೂತಲ್ಲೇ ತೀರ್ಪು ಕೊಟ್ಟಿದ್ದಳು: "ಇದು ಇವನಮ್ಮನ ತವರಿನ ದೋಷ. ಅವಳೇ ಕಳ್ಕೋಬೇಕು." ಅಂದಿನಿಂದ ತಾಯಿಗೆ ಪ್ರತಿ ಮಂಗಳವಾರ ಉಪವಾಸ.

ಡಾಕ್ಟರ ಎದುರು ಕೂತ ಅಪ್ಪನ ಕಾಲು ಒಂದೇ ಸಮನೆ ಅಲುಗುತ್ತಿತ್ತು.

"ಮನೆತನದಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮ ಕಡೆ ಯಾರಿಗೂ ಇಲ್ಲ. ಇವಳ ಸೋದರಮಾವ ಮನೆ ಬಿಟ್ಟು ಓಡಿಹೋಗಿದ್ದ."

"ಸನ್ಯಾಸಿಯಾದ್ರು ಡಾಕ್ಟ್ರೇ. ಮಠದಲ್ಲಿ ಚೆನ್ನಾಗೇ ಇದ್ದಾರೆ" ಎಂದಳು ತಾಯಿ.

ಡಾಕ್ಟರು ಅಪ್ಪನತ್ತ ತಿರುಗಿದರು. "ಮಗ ಹುಟ್ಟಿದಾಗ ನಿಮಗೆಷ್ಟು ವಯಸ್ಸು?"

ಅವನು ಬಣ್ಣ ಹಚ್ಚಿದ ಮೀಸೆ ಸವರಿಕೊಂಡ. "ಐವತ್ತೆರಡು."

"ಇದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ತಂದೆಗೆ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಈ ಕಾಯಿಲೆಯ ಸಾಧ್ಯತೆ ಸ್ವಲ್ಪ ಜಾಸ್ತಿ. ತಾಯಿ ಕಡೆಯಿಂದ ಏನೂ ಕಾಣ್ತಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ."

ತಾಯಿ ಹೊರಗೆ ಬಂದವಳೇ ಮಗನನ್ನು ಕ್ಯಾಂಟೀನಿಗೆ ಕರೆದೊಯ್ದು, ಅವನಿಗೊಂದು ಪ್ಲೇಟು, ತನಗೊಂದು ಪ್ಲೇಟು ಇಡ್ಲಿ ತಂದಳು. ಅಂದು ಮಂಗಳವಾರ.

ಕೂರಲಾರದೆ ಸುತ್ತುತ್ತಿದ್ದ ಅಪ್ಪನ ಫೋನು ರಿಂಗಾಯಿತು.

"ಡಾಕ್ಟ್ರು ಏನಂದ್ರೋ? ಯಾರ ಕಡೆಯಿಂದ ಬಂದಿದ್ದಂತೆ?"

ಅವನು ಹೆಂಡತಿಯ ಕೈಯಲ್ಲಿದ್ದ ಇಡ್ಲಿಯ ತುಂಡನ್ನೇ ನೋಡಿದ.

"ನೀನು ಹೇಳಿದ್ದೇ ನಿಜ ಅಕ್ಕಾ. ಉಪವಾಸ ಬಿಡಬಾರದು ಅಂದ್ರು."