ವಾಕೋವರ್

ಸತತ ಆರು ಪಂದ್ಯ ಸೋತಿದ್ದ ಫುಟ್‌ಬಾಲ್ ತಂಡದ ನಾಯಕ ಎಡ್ವಿನ್‌ಗೆ ಕೊನೆಗೂ ಅದೃಷ್ಟ ಖುಲಾಯಿಸಿತು. ಕೊನೆಯ ಪಂದ್ಯ ಗೆದ್ದರೆ ಮಾತ್ರ ತಂಡ ಸಿ ಡಿವಿಷನ್‌ನಲ್ಲಿ ಉಳಿಯುತ್ತಿತ್ತು. ಅದರ ಹಿಂದಿನ ದಿನವೇ ಎದುರಾಳಿ ತಂಡದ ಹುಡುಗರಿಗೆಲ್ಲ ಕೊರೊನಾ ಪಾಸಿಟಿವ್ ಬಂತು.

"ವಾಕೋವರ್ ಕಣ್ರೋ, ಆಡದೇ ಗೆದ್ವಿ!" ಎಂದು ಎಡ್ವಿನ್ ಫೋನಿನಲ್ಲೇ ಕುಣಿದ. "ರೂಲ್ಸ್ ಪ್ರಕಾರ ಏಳು ಜನ ಇದ್ರೆ ಸಾಕು. ಸುಮ್ನೆ ಬಂದು ನಿಂತ್ಕೊಳ್ಳಿ."

ಲೆಕ್ಕಕ್ಕೆ ಸರಿಯಾಗಿ ಏಳೇ ಜನ ಬಂದರು. ಆದರೆ ಮೈದಾನದ ಆಚೆ ಬದಿಯಿಂದ ನರೆಗೂದಲಿನ ಹನ್ನೊಂದು ಮಂದಿ ಬೂಟು ಕಟ್ಟಿಕೊಂಡು ಇಳಿದರು.

"ಸಾರ್, ಯಾರಿವರು?" ಎಡ್ವಿನ್ ರೆಫರಿಯ ಹತ್ತಿರ ಓಡಿದ.

"ಅವರ ಕ್ಲಬ್ಬಿನ ಹಳಬರು. ಪಟ್ಟಿ ತುಂಬಿಸೋಕೆ ಅಂತ ಮೊದಲೇ ಹೆಸರು ಬರೆಸಿದ್ರಂತೆ. ಎಲ್ಲರದೂ ನೆಗೆಟಿವ್ ರಿಪೋರ್ಟ್ ಇದೆ."

ಒಬ್ಬರಿಗೆ ಡೊಳ್ಳುಹೊಟ್ಟೆ, ಇನ್ನೊಬ್ಬರ ಎರಡೂ ಮೊಣಕಾಲಿಗೆ ಬ್ಯಾಂಡೇಜು. ಎಡ್ವಿನ್‌ಗೆ ಅಯ್ಯೋ ಪಾಪ ಎನಿಸಿತು. ಟಾಸ್‌ಗೆ ಬಂದ ಅವರ ನಾಯಕನ ಕಿವಿಯಲ್ಲಿ, "ಅಂಕಲ್, ಬಿದ್ದುಗಿದ್ದೀರಾ, ಜೋಪಾನ" ಎಂದ.

ಅರ್ಧ ಆಟ ಮುಗಿದಾಗ ಎಡ್ವಿನ್ ಹುಲ್ಲಿನ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದ.

ಅಂಕಲ್ ಅವನಿಗೆ ನೀರಿನ ಬಾಟಲಿ ಕೊಟ್ಟು ಕೇಳಿದರು: "ಐದು ಗೋಲು ಸಾಕೇನಪ್ಪಾ, ಇನ್ನೂ ಹೊಡೀಬೇಕಾ?"